ಹನ್ನೊಂದನೇ ಕುಳಿಯ ಎರಡು ಹೊಡೆತ

ಈ ವರ್ಷ ಗಾಲ್ಫ್ ಪ್ರವಾಸದಲ್ಲಿ ನಮ್ಮ ಯಜಮಾನರು ಬಸ್ಸಿನಿಂದ ಇಳಿಯುವಾಗ ಉಳಿದ ಹನ್ನೊಂದು ಜನರ ಕಣ್ಣು ಕುಕ್ಕಬೇಕು ಎಂದು ತೀರ್ಮಾನ ಮಾಡಿದೆ. ಆಟದಲ್ಲಿ ಅಲ್ಲ, ಆಟ ನನ್ನ ಕೈಯಲ್ಲಿಲ್ಲ. ಬಿಳುಪಿನಲ್ಲಿ! ಅದು ನನ್ನ ಕೈಯಲ್ಲಿದೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ನಿಂತವಳು ನಾನು. ರಕ್ತ, ಕೀವು, ನೇರಳೆ ಬಣ್ಣದ ಆ ಹಾಳು ಔಷಧಿ, ಯಾವುದೇ ಇರಲಿ, ನನ್ನ ಕೈಗೆ ಸಿಕ್ಕಿ ಬದುಕಿ ಹೋದ ಕಲೆ ಇಲ್ಲ. ಶಾಲೆಯಲ್ಲಿ ನಾಲ್ಕನೇ ತರಗತಿ ದಾಟಲಿಲ್ಲ, ನಿಜ. ಆದರೆ ಸೋಡಾ, ಬ್ಲೀಚಿಂಗ್ ಪೌಡರು, ಕುದಿನೀರು, ಈ ಮೂರು ವಿಷಯದಲ್ಲಿ ನನಗೆ ಯಾವ ಪದವಿ ಕೊಟ್ಟರೂ ಕಡಿಮೆಯೇ.

ಇನ್ನು ಜೇಬಿನ ವಿಷಯ. ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕಿದ ದಾಖಲೆ ನನ್ನ ಹೆಸರಿನಲ್ಲಿ ಇಲ್ಲ. ಡಾಕ್ಟರುಗಳ ಕೋಟಿನಿಂದ ಥರ್ಮಾಮೀಟರು, ಮದುವೆ ಉಂಗುರ, ಹೆಂಡತಿಯಲ್ಲದವರು ಬರೆದ ಕಾಗದ, ಎಲ್ಲವನ್ನೂ ತೆಗೆದು ವಾರಸುದಾರರಿಗೆ ಮುಟ್ಟಿಸಿದ್ದೇನೆ. ಒಮ್ಮೆ ರೋಗಿಯೊಬ್ಬರ ಅಂಗಿಯಲ್ಲಿ ಹಲ್ಲಿನ ಸೆಟ್ಟು ಸಿಕ್ಕಿತು. ಅದನ್ನು ಕೊಡಲು ಓಡಿದೆ. ಆದರೆ ವಾರಸುದಾರರು ಹಿಂದಿನ ಸಂಜೆಯೇ ಹಲ್ಲಿನ ಗೊಡವೆ ಇಲ್ಲದ ಕಡೆಗೆ ಹೋಗಿಬಿಟ್ಟಿದ್ದರು.

ಇಂಥ ನಾನು ಏನು ಮಾಡಿದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಗೋಡೆ ನೋಡುತ್ತ ಕುಳಿತರು. ಕೊನೆಗೆ ಗೋಡೆಗೇ ಬೇಜಾರಾಗಿ ಸುಣ್ಣ ಉದುರಿಸಲು ಶುರುಮಾಡಿತು. ಆಗ ಅವರನ್ನು ರಟ್ಟೆ ಹಿಡಿದು ಎಬ್ಬಿಸಿ ಗಾಲ್ಫ್ ಮೈದಾನಕ್ಕೆ ಕರೆದೊಯ್ದವರು ಮೂಲೆ ಅಂಗಡಿಯ ಗಡಿಯಾರದವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಕೈಗಡಿಯಾರಗಳ ಹೊಟ್ಟೆ ಬಗೆಯುವ ಮನುಷ್ಯ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಸಮಯದಲ್ಲಿ ಆಗಲಿ ಮಾತಿನಲ್ಲಿ ಆಗಲಿ ಒಂದು ಸೆಕೆಂಡು ಆಚೀಚೆ ಮಾಡದವರು. ಅದಕ್ಕೇ ಆಟದ ಗುಂಪಿನಲ್ಲಿ ಅವರ ಹೆಸರು ‘ಸೆಕೆಂಡು’. ನಮ್ಮವರ ಹೆಸರು ‘ಲಿಫ್ಟು’. ಹದಿನಾಲ್ಕು ವರ್ಷದಿಂದ ವಾರಕ್ಕೆ ಎರಡು ದಿನ ಸೆಕೆಂಡೂ ಲಿಫ್ಟೂ ಒಟ್ಟಿಗೇ ಆಡುತ್ತಿದ್ದರು.

ಗಾಲ್ಫ್ ಎಂದರೇನು ಎಂದು ತಿಳಿಯದವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಸಣ್ಣ ಚೆಂಡು. ಹದಿನೆಂಟು ಕುಳಿ. ಒಂದು ಕುಳಿಯಿಂದ ಇನ್ನೊಂದು ಕೂಗಿದರೂ ಕೇಳದಷ್ಟು ದೂರ. ಕೋಲಿನಲ್ಲಿ ಚೆಂಡನ್ನು ಹೊಡೆದು ಹೊಡೆದು ಕುಳಿಗೆ ಕೆಡವಬೇಕು. ಕಡಿಮೆ ಹೊಡೆದವನು ಗೆದ್ದ. ಹಾಗಾದರೆ ಹೊಡೆಯದೆ ಮನೆಯಲ್ಲೇ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಿದ್ದಕ್ಕೆ ಯಜಮಾನರು ಎರಡು ದಿನ ಮಾತು ಬಿಟ್ಟಿದ್ದರು. ಇನ್ನೊಂದು ವಿಚಿತ್ರವಿದೆ. ಆಟ ಬಾರದವರಿಗೆ ಈ ಆಟದಲ್ಲಿ ರಿಯಾಯಿತಿ ಉಂಟು. ಎಷ್ಟು ಕೆಟ್ಟದಾಗಿ ಆಡುತ್ತೀರೋ ಅಷ್ಟು ಹೊಡೆತಗಳನ್ನು ಲೆಕ್ಕದಿಂದ ಬಿಟ್ಟುಕೊಡುತ್ತಾರೆ. ಇಂಥ ನ್ಯಾಯ ನಾನು ಓದುವಾಗ ಶಾಲೆಯಲ್ಲಿ ಇದ್ದಿದ್ದರೆ ಈ ಹೊತ್ತಿಗೆ ನಾನು ಜಡ್ಜ್ ಆಗಿರುತ್ತಿದ್ದೆ.

ಅವರ ಗುಂಪಿನಲ್ಲಿ ಹನ್ನೆರಡು ಜನ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ದೂರದ ಸಮುದ್ರದ ಪಕ್ಕದ ಮೈದಾನಕ್ಕೆ ಹೋಗಿ ಎರಡು ದಿನ ಸ್ಪರ್ಧೆ ನಡೆಸುತ್ತಾರೆ. ಗೆದ್ದವರಿಗೆ ಹಿಡಿ ಮುರಿದ ಒಂದು ಕಪ್ಪು. ಆ ಎರಡು ದಿನಕ್ಕಾಗಿ ಉಳಿದ ಮುನ್ನೂರ ಅರವತ್ತಮೂರು ದಿನ ಬದುಕುತ್ತಾರೆ ಎಂದರೆ ಸುಳ್ಳಲ್ಲ. ಇದರ ಯಜಮಾನಿಕೆಯೆಲ್ಲ ನಿವೃತ್ತ ಹೆಡ್‌ಮೇಷ್ಟ್ರದು. ಅವರ ನಿಯಮ ಇದು: ಬಸ್ಸು ಹತ್ತಬೇಕಾದರೆ ಆ ವರ್ಷ ಆಡಿದ ಮೂರು ಆಟಗಳ ಮೂರು ಕಾರ್ಡು ಒಪ್ಪಿಸಬೇಕು. ನಿಮ್ಮ ಹೊಡೆತಗಳನ್ನು ನೀವೇ ಬರೆದುಕೊಳ್ಳುವಂತಿಲ್ಲ. ಜೊತೆಗೆ ಆಡಿದವರು ಎಣಿಸಿ, ಬರೆದು, ಸಹಿ ಹಾಕಬೇಕು. ಅದನ್ನು ಪ್ರವಾಸದ ವಾರದ ಗುರುವಾರ ನಾಲ್ಕರಿಂದ ಐದರೊಳಗೆ ಮೇಷ್ಟ್ರ ಜಗಲಿಯಲ್ಲಿ ಕೊಡಬೇಕು. ಐದು ಗಂಟೆ ಒಂದು ನಿಮಿಷಕ್ಕೆ ಜಗಲಿಯೇ ಇರುವುದಿಲ್ಲ, ಬರೀ ಮುಚ್ಚಿದ ಬಾಗಿಲು.

ನಮ್ಮವರಿಗೆ ಚಳಿಗಾಲವೆಲ್ಲ ಮಂಡಿನೋವು. ಅದಕ್ಕೆ ಹಿಂದಿನ ವರ್ಷದ ಪ್ರವಾಸ ತಪ್ಪಿಹೋಗಿತ್ತು, ಈ ವರ್ಷವೂ ಎರಡೇ ಕಾರ್ಡು ಆಗಿದ್ದವು. ಪ್ರವಾಸದ ವಾರ ಸೋಮವಾರ ಗಡಿಯಾರದವರೊಡನೆ ಕುಂಟುತ್ತಲೇ ಹೋಗಿ ಹದಿನೆಂಟು ಕುಳಿಯನ್ನೂ ಮುಗಿಸಿ, ಮೂರನೆಯ ಕಾರ್ಡಿಗೆ ಸಹಿ ಹಾಕಿಸಿಕೊಂಡು ಬಂದರು. “ತೊಂಬತ್ತೆಂಟು” ಎಂದರು, ಬೂಟು ಬಿಚ್ಚುವ ಮೊದಲೇ. ಹದಿನಾಲ್ಕು ವರ್ಷದಿಂದ ಇಂಥವೇ ಸಂಖ್ಯೆಗಳನ್ನು ಕೇಳಿ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಶನಿವಾರ ಬೆಳಗ್ಗೆ ಆರಕ್ಕೆ ಬಸ್ಸು. ಸೋಮವಾರ ಸಂಜೆಗೇ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟರು. ಕಟ್ಟಿದ್ದನ್ನು ಬಿಚ್ಚಿ ಚೆಂಡು ಎಣಿಸಿದರು. ಎಣಿಸಿ ಮತ್ತೆ ಕಟ್ಟಿದರು.

ಮಂಗಳವಾರ ಬೆಳಗ್ಗೆ ನಾನು ಹಂಡೆಗೆ ಬೆಂಕಿ ಹಾಕಿದೆ. ಬಿಳಿ ಪ್ಯಾಂಟು, ಬಿಳಿ ಅಂಗಿ, ಕಾಲುಚೀಲ, ಟೋಪಿ, ಎಲ್ಲದರ ಜೇಬು, ಮಡಿಕೆ, ಅಂಚು ಮೂರು ಮೂರು ಸಲ ನೋಡಿ ಒಳಗಿಳಿಸಿದೆ. ಅಷ್ಟರಲ್ಲಿ ಚೀಲದ ಬಾಯಿಯಿಂದ ಕೈಗವಸು ಕಣ್ಣಿಗೆ ಬಿತ್ತು. ಈ ಆಟದಲ್ಲಿ ಎಡಗೈಗೆ ಮಾತ್ರ ಕೈಗವಸು. ಮೊದಲ ವರ್ಷ ಬಲಗೈದು ಎಲ್ಲಿ ಎಂದು ಮನೆಯೆಲ್ಲ ಹುಡುಕಿದ್ದೆ. ತೆಳು ಚರ್ಮದ್ದು, ಬಣ್ಣ ಬಿಳಿ. ಬಿಳಿ ಎನ್ನುವುದು ಅದು ಹುಟ್ಟಿದ ದಿನದ ಮಾತು. ಈಗ ಅದು ಒಲೆ ಒರೆಸಿದ ಬಟ್ಟೆಯ ಹಾಗಿತ್ತು. ಉಳಿದದ್ದೆಲ್ಲ ಹಾಲಿನ ಹಾಗೆ ಹೊಳೆಯುವಾಗ ಎಡಗೈ ಒಂದು ಮಸಿ ಹಿಡಿದಿದ್ದರೆ ನನ್ನ ಮೂವತ್ತೊಂದು ವರ್ಷದ ಮರ್ಯಾದೆ ಏನಾಗಬೇಕು? ಕೈಗವಸಿಗೆ ಜೇಬಿಲ್ಲ. ಜೇಬಿಲ್ಲದ್ದನ್ನು ನೋಡುವುದೇನು! ಕುದಿನೀರಿಗೆ ಎಸೆದು ಮೇಲೊಂದು ಹಿಡಿ ಸೋಡಾ ಹಾಕಿದೆ.

ಅದು ಕುದಿಯುತ್ತಿರುವಾಗಲೇ ಪಕ್ಕದ ಮನೆಯವರು ಬಂದು ಸುದ್ದಿ ಹೇಳಿದರು. ಗಡಿಯಾರದವರು ಅಂಗಡಿ ತೆರೆದು ಕುಳಿತವರು ಹಾಗೆಯೇ ಮೇಜಿನ ಮೇಲೆ ಒರಗಿದರಂತೆ. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಆಸ್ಪತ್ರೆಗೆ ಸಾಗಿಸಿದರಂತೆ. ಹೃದಯ ಪೂರ್ತಿ ಸವೆದಿದೆ, ಹೆಚ್ಚು ದಿನ ಉಳಿಯುವುದು ಕಷ್ಟ ಎಂದರಂತೆ ಡಾಕ್ಟರು.

ಯಜಮಾನರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಸ್ಪತ್ರೆಗೆ ಹೊರಡುತ್ತಾರೆ ಎಂದು ನಾನು ಅವರ ಚಪ್ಪಲಿ ತಂದಿಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಕೋಲುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಉಜ್ಜಲು ಕುಳಿತರು.

“ಟ್ರಿಪ್ ಮುಗಿಸಿ ಬಂದು ನೋಡ್ತೀನಿ. ಕಪ್ಪು ತಗೊಂಡೇ ಹೋಗ್ತೀನಿ ಅವನ ಹತ್ರ, ಖುಷಿಯಾಗ್ತಾನೆ.”

ಅಷ್ಟು ದಿನ ಅವರು ಕಾಯಬೇಕಲ್ಲ ಎಂದು ನಾನು ಹೇಳಲಿಲ್ಲ. ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ನನ್ನ ಅಭ್ಯಾಸ. ಉಜ್ಜುವ ಸದ್ದು ಮಧ್ಯಾಹ್ನದವರೆಗೂ ಕೇಳಿಸಿತು. ಉಜ್ಜುತ್ತಿದ್ದದ್ದು ಒಂದೇ ಕೋಲನ್ನು.

ಹಂಡೆಯಿಂದ ಬಟ್ಟೆ ತೆಗೆದೆ. ಪ್ಯಾಂಟು ಬೆಳ್ಳಗೆ, ಅಂಗಿ ಬೆಳ್ಳಗೆ. ಕೈಗವಸು ಮಾತ್ರ ಎಲ್ಲಿ? ತಳದಲ್ಲಿ ಕಡ್ಡಿಯಾಡಿಸಿ ಹುಡುಕಿದೆ. ಮೂರು ವರ್ಷದ ಮಗುವಿನ ಕೈಯಷ್ಟು ದೊಡ್ಡದೊಂದು ಗಟ್ಟಿ ವಸ್ತು ಬಂತು. ಐದು ಬೆರಳೂ ಇದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ ಬೈಯುವ ಹಾಗೆ ಸೆಟೆದು ನಿಂತಿದ್ದವು. ಅಂಗೈಯ ಒಳಗೆ ಏನೋ ಮೆತ್ತಗಿತ್ತು. ಬೆರಳು ಹಾಕಿ ಎಳೆದೆ. ಅಂಗಿಗೆ ಹಾಕುವ ಗಂಜಿಯ ಹಾಗೆ ಒಂದು ಮುದ್ದೆ, ಅದರಿಂದ ಇಳಿದ ನಾಲ್ಕು ಹನಿ ನೀಲಿ ನೀರು.

ಇದು ಕಾಗದವೇ ಎಂದು ಕೈಗೆ ಗೊತ್ತಾಯಿತು. ಆದರೂ ಏನೂ ಆಗದವಳಂತೆ ಪಡಸಾಲೆಗೆ ಹೋಗಿ, ಆ ಮೂರನೇ ಕಾರ್ಡು ಜೋಪಾನವಾಗಿ ಇದೆಯೇ ಎಂದು ಯಜಮಾನರನ್ನು ಕೇಳಿದೆ. ಅವರ ಮುಖ ಆ ದಿನ ಮೊದಲ ಸಲ ಅರಳಿತು.

“ನಿನ್ನ ಕೈಗೆ ಸಿಗದ ಜಾಗದಲ್ಲಿದೆ. ಜೇಬು ಒಂದನ್ನೂ ಬಿಡೋಳಲ್ಲ ನೀನು, ನಂಗೊತ್ತಿಲ್ವಾ? ಕೈಗವಸಿನೊಳಗೆ ಮಡಚಿಟ್ಟಿದ್ದೀನಿ.”

ಮೂವತ್ತೊಂದು ವರ್ಷ ಜೇಬು ನೋಡಿದ್ದಕ್ಕೆ ಸಿಕ್ಕ ಫಲ ಇದು! ನಾನು ಇಂಗು ತಿಂದ ಮಂಗನಂತೆ ಒಳಗೆ ಬಂದೆ. ಕೈಗವಸು ಕೇಳಿದರೆ ಒಣಗುತ್ತಿದೆ ಎಂದು ಹೇಳಿದರಾಯಿತು. ಸುಳ್ಳೂ ಅಲ್ಲ.

ಮುದ್ದೆಯನ್ನು ಬಿಡಿಸಿ ಇಸ್ತ್ರಿ ಹಾಕಿದೆ. ಅದು ಇಸ್ತ್ರಿಪೆಟ್ಟಿಗೆಗೇ ಅಂಟಿ ಹೊಗೆಯಾಯಿತು. ಮೇಜಿನ ಖಾನೆಯಲ್ಲಿ ಖಾಲಿ ಕಾರ್ಡುಗಳ ಕಟ್ಟೊಂದಿತ್ತು. ಒಂದನ್ನು ತೆಗೆದು ಗಡಿಯಾರದವರ ಸಹಿಯನ್ನು ನಾನೇ ಹಾಕಲು ನೋಡಿದೆ. ದೇವರಾಣೆಗೂ ಕೆಟ್ಟ ಉದ್ದೇಶವಲ್ಲ, ಹೋದದ್ದನ್ನು ತುಂಬಿಕೊಡುವುದಷ್ಟೇ. ಆದರೆ ನನ್ನ ಹೆಸರು ಬರೆಯುವುದಕ್ಕೇ ನನಗೆ ಒಂದು ಸ್ನಾನದಷ್ಟು ಹೊತ್ತು ಬೇಕು. ಅವರ ಸಹಿಯೋ ಕೂದಲೆಳೆಯಲ್ಲಿ ಎಳೆದ ಹಾಗೆ. ನಾನು ಹಾಕಿದ್ದು ಸತ್ತ ಜಿರಳೆಯ ಹಾಗೆ ಬಂತು. ಎರಡನೆಯದು ಸಾಯುತ್ತಿರುವ ಜಿರಳೆ. ಮೂರಕ್ಕೆ ನಿಲ್ಲಿಸಿದೆ.

ಬುಧವಾರ ಬೆಳಗ್ಗೆ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಗೋಡೆಗೆ ಹನ್ನೆರಡು ಹೆಸರಿನ ಪಟ್ಟಿ ಅಂಟಿಸಿದ್ದರು. ಗಡಿಯಾರದವರ ಹೆಸರಿನ ಮೇಲೆ ಆಗಲೇ ಕೆಂಪು ಗೆರೆ ಬಿದ್ದಿತ್ತು. ಅಳತೆಪಟ್ಟಿ ಇಟ್ಟು ನೇರವಾಗಿ ಎಳೆದದ್ದು. ಅದನ್ನು ನೋಡಿ ನನಗೆ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು. ಮೇಷ್ಟ್ರು ಕೆಟ್ಟವರಲ್ಲ, ಗೆರೆ ಸೊಟ್ಟಗಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ, ಅಷ್ಟೇ. ಯಾರದೋ ಮನೆಯ ಮಾತು ಎಂಬಂತೆ ಸುತ್ತಿ ಬಳಸಿ, ಒಂದು ವೇಳೆ ಕಾರ್ಡು ನೆನೆದರೆ ಏನು ಗತಿ ಎಂದು ಕೇಳಿದೆ.

“ನೆನೆದ ಕಾರ್ಡು ಒಣಗಿದ್ರೆ ಕಾರ್ಡು. ಸಹಿ ಕಾಣದಿದ್ರೆ ಕಸ,” ಎಂದರು ಮೇಷ್ಟ್ರು. “ಬರೆದವರು ಇದ್ದರೆ ಮತ್ತೆ ಬರೆಸಿ ತರಬಹುದು. ಇರೋತನಕ.”

ಇರೋತನಕ! ನಾನು ಮನೆಗೆ ಹೋಗಲಿಲ್ಲ. ಖಾಲಿ ಕಾರ್ಡೊಂದು ಕೈಚೀಲದಲ್ಲೇ ಇತ್ತು. ನೆಟ್ಟಗೆ ಆಸ್ಪತ್ರೆಗೆ ನಡೆದೆ.

ರೋಗಿಗಳನ್ನು ನೋಡುವ ಹೊತ್ತು ಅದಲ್ಲ. ಆದರೆ ನನಗೆ ಆ ಕಟ್ಟಡಕ್ಕೆ ಇನ್ನೊಂದು ಬಾಗಿಲು ಗೊತ್ತು. ಹಿಂದುಗಡೆ, ಕೊಳೆಬಟ್ಟೆಯ ಗಾಡಿ ಬರುವ ಕಡೆ. ನನ್ನ ಜಾಗದಲ್ಲಿ ಈಗ ನಿಲ್ಲುವಾಕೆ ನಕ್ಕು ಒಳಗೆ ಬಿಟ್ಟಳು. ಒಗೆಯುವವರಿಗೆ ಒಂದು ವಿದ್ಯೆ ತಾನಾಗಿ ಬಂದುಬಿಡುತ್ತದೆ. ಯಾರು ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂದು ಡಾಕ್ಟರು ಬಾಯಿ ಬಿಡುವ ಮೊದಲೇ ಹಾಸಿಗೆಯ ಬಟ್ಟೆ ಹೇಳುತ್ತದೆ. ಗುಣವಾಗುವವರ ಚಾದರ ಮುದುಡಿರುತ್ತದೆ, ತಿಂಡಿ ಚೆಲ್ಲಿರುತ್ತದೆ, ಕಾಲ ಕಡೆ ಕಿತ್ತು ಬಂದಿರುತ್ತದೆ. ಗಡಿಯಾರದವರ ಚಾದರ ಹಾಕಿದ ಹಾಗೆಯೇ ಇತ್ತು. ಒಂದು ಮಡಿಕೆ ಕದಲಿರಲಿಲ್ಲ. ನಾನು ಅದರ ಮೂಲೆಯನ್ನು ಸುಮ್ಮನೆ ಸರಿಮಾಡುತ್ತ ನಿಂತೆ, ಸರಿಮಾಡಲು ಏನೂ ಇರಲಿಲ್ಲ.

ಅವರು ಕಣ್ಣು ತೆರೆದು ನನ್ನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ.

“ಅವನು ಬರಲಿಲ್ವಾ ಅತ್ತಿಗೆ?”

ಶೀತ ಆಗಿದೆ, ಮಂಡಿ ಹಿಡಿದುಕೊಂಡಿದೆ, ಮನೆಗೆ ಯಾರೋ ಬಂದಿದ್ದಾರೆ ಎಂದು ನಾನು ಒಂದೇ ಉಸಿರಿಗೆ ಮೂರು ಕಾರಣ ಕೊಟ್ಟೆ. ಒಂದು ಕೊಟ್ಟಿದ್ದರೆ ನಂಬುತ್ತಿದ್ದರೋ ಏನೋ. ಅವರು ಹೂಂ ಎಂದು, ಕೈಚೀಲದಿಂದ ಇಣುಕುತ್ತಿದ್ದ ಕಾರ್ಡನ್ನು ನೋಡಿದರು. ಅವರ ಮುಂದೆ ಸುಳ್ಳು ನಿಲ್ಲುವುದಿಲ್ಲ. ಹಂಡೆ, ಸೋಡಾ, ಕೈಗವಸು, ಇಸ್ತ್ರಿ, ಮೂರು ಜಿರಳೆ, ಎಲ್ಲವನ್ನೂ ಹೇಳಿಬಿಟ್ಟೆ. ಅವರ ಹೊಟ್ಟೆ ಕುಲುಕಿತು. ನಗುವಿಗೆ ಸಾಕಾಗುವಷ್ಟು ಉಸಿರಿರಲಿಲ್ಲ, ಆದರೂ ನಕ್ಕರು. ನಾನು ಕಾರ್ಡು ಮುಂದೆ ಹಿಡಿದು, ತೊಂಬತ್ತೆಂಟು ಎಂದು ಬರೆದು ಒಂದು ಸಹಿ ಹಾಕಿದರೆ ಸಾಕು ಎಂದೆ.

“ತೊಂಬತ್ತೆಂಟಾ? ಯಾರು ಹೇಳಿದ್ದು?”

“ನಿಮ್ಮ ಲಿಫ್ಟು.”

“ಅವನನ್ನ ಲಿಫ್ಟು ಅಂತ ಯಾಕೆ ಕರೀತೀವಿ, ಗೊತ್ತಾ?”

ಲಿಫ್ಟ್ ರಿಪೇರಿ ಮಾಡುತ್ತಿದ್ದರಲ್ಲ, ಅದಕ್ಕೆ ಎಂದೆ. ಅಲ್ಲವಂತೆ. ಇವರು ಹೊಡೆದ ಚೆಂಡು ನೆಟ್ಟಗೆ ಮೇಲಕ್ಕೆ ಹೋಗಿ, ಅಲ್ಲೊಂದು ಗಳಿಗೆ ನಿಂತು, ಹೊರಟ ಜಾಗಕ್ಕೇ ಇಳಿದು ಬರುತ್ತದಂತೆ! ಹದಿನಾಲ್ಕು ವರ್ಷದಲ್ಲಿ ಇವರ ಲೆಕ್ಕ ಒಂದು ಸಲವೂ ನೂರರೊಳಗೆ ಇಳಿದಿಲ್ಲವಂತೆ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ರಿಯಾಯಿತಿ ಇವರಿಗೇ ಅಂತೆ, ಅದೂ ಸಾಲದೆ ಪ್ರವಾಸಕ್ಕೆ ಹೋದ ವರ್ಷವೆಲ್ಲ ಕೊನೆಯ ಸ್ಥಾನವಂತೆ. ಪಕ್ಕದ ಮನೆಯವರ ಮುಖ ನನ್ನ ಕಣ್ಣ ಮುಂದೆ ಬಂತು. ಅವರ ಮೈದುನನೂ ಅದೇ ಗುಂಪಿನಲ್ಲಿ ಆಡುವವನು. ನಾನು ಸಂಖ್ಯೆ ಹೇಳಿದಾಗಲೆಲ್ಲ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದದ್ದು ಕೆಮ್ಮಿಗಲ್ಲ.

“ಎಣಿಸದೇ ಇದ್ದದ್ದಕ್ಕೆ ನಾನು ಸಹಿ ಹಾಕಲ್ಲ. ಹೇಳ್ತೀನಿ, ಬರ್ಕೊಳ್ಳಿ,” ಎಂದರು.

ಹೇಳಲು ಶುರುಮಾಡಿದರು. ಒಂದನೇ ಕುಳಿ ಏಳು. ಎರಡು, ಆರು. ಪ್ರತಿಯೊಂದು ಹೊಡೆತವೂ ಅವರ ಕಣ್ಣಲ್ಲಿತ್ತು. ಐದನೆಯದಕ್ಕೆ ಎಂಟು, ಮರಕ್ಕೆ ಹೊಡೆದರಂತೆ, ಮರ ವಾಪಸ್ಸು ಕೊಟ್ಟಿತಂತೆ. ಆರನೆಯದರಲ್ಲಿ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರಂತೆ, ಅದೂ ಒಂದು ಲೆಕ್ಕ. ನಾನು ಪೆನ್ಸಿಲು ಒತ್ತಿ ಒತ್ತಿ ಅಂಕಿ ಬರೆದೆ. ಒಂಬತ್ತು ಮುಗಿಯುವ ಹೊತ್ತಿಗೆ ಅವರಿಗೆ ಮಾತಿನ ನಡುವೆಯೇ ಜೋಂಪು ಹತ್ತಿತು. ಕಾದೆ. ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಉಸಿರು ಬಂದು ಹೋಗುವುದನ್ನು ಎಣಿಸಿದೆ. ನಡುನಡುವೆ ಒಂದು ಬರುವುದು ತಡವಾಗುತ್ತಿತ್ತು, ಆಗ ನಾನೂ ಬಿಗಿಹಿಡಿದು ಕೂರುತ್ತಿದ್ದೆ. ಒಂದು ಗಂಟೆ ಕಳೆದು ಎಚ್ಚರವಾದವರು, ಬಿಟ್ಟ ಕಡೆಯಿಂದಲೇ ಹಿಡಿದರು. ಹತ್ತು, ಆರು. ಹನ್ನೊಂದು ಎಂದವರು ಸ್ವಲ್ಪ ತಡೆದು ನನ್ನ ಮುಖ ನೋಡಿ “ಒಂಬತ್ತು” ಎಂದರು.

ಹದಿನೆಂಟೂ ಮುಗಿಸಿ ಕಣ್ಣು ಮುಚ್ಚಿಕೊಂಡೇ ಕೂಡಿ ಹೇಳಿದರು: ನೂರ ಇಪ್ಪತ್ತೇಳು. ಪೆನ್ನು ಕೊಟ್ಟೆ. ನಾನು ಕಾರ್ಡಿನ ಕೆಳಗೆ ಅಂಗೈ ಇಟ್ಟು ಹಿಡಿದೆ. ನೊಣದ ಕಾಲಿನಷ್ಟು ಸಣ್ಣ ತಿರುಪು ಕೂರಿಸುತ್ತಿದ್ದ ಕೈ ಅದು. ಅವರ ಹೆಸರಿನ ಮೊದಲಕ್ಷರ ದಾಟುವುದಕ್ಕೇ ಎರಡು ಸಲ ನಿಂತಿತು. ಸಹಿ ಮುಗಿದಾಗ ಇಬ್ಬರಿಗೂ ಬೆವರಿತ್ತು.

ಗೆದ್ದೆ ಎಂದುಕೊಂಡೆ. ಮನೆಗೆ ಬಂದು ಸಂಜೆ, ಒಂದು ಕೈಯಲ್ಲಿ ಗೊಂಬೆಗೂ ಸಾಲದ ಕೈಗವಸು, ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಯಜಮಾನರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಎಂದು ಕಾದೆ. ಅವರು ಕೈಗವಸನ್ನು ಮುಟ್ಟಲೇ ಇಲ್ಲ. ಕಾರ್ಡನ್ನು ದೀಪದ ಕೆಳಗೆ ಹಿಡಿದು ಸಹಿಯನ್ನೇ ಬಹಳ ಹೊತ್ತು ನೋಡಿದರು.

“ಇದು ಅವನ ಸಹಿ ಅಲ್ಲ.”

“ನನ್ನ ಕಣ್ಣೆದುರಿಗೇ ಹಾಕಿದ್ದು ರೀ.”

“ಅವನ ಸಹಿ ಹೀಗಿರಲ್ಲ ಕಣೇ,” ಎಂದರು.

ಈಗ ಅಳುತ್ತಾರೆ ಎಂದು ನಾನು ಸೆರಗು ಸಿದ್ಧಮಾಡಿಕೊಂಡೆ. ಅವರ ಬೆರಳು ಅಂಕಿಗಳ ಮೇಲೆ ಇಳಿಯುತ್ತ ಹೋಯಿತು. ಹನ್ನೊಂದರ ಬಳಿ ಗಕ್ಕನೆ ನಿಂತಿತು.

“ಹನ್ನೊಂದಕ್ಕೆ ಒಂಬತ್ತಾ? ಏಳು! ಏಳೇ ಹೊಡೆದದ್ದು ನಾನು!”

ಹೆಚ್ಚು ಹೊಡೆದಷ್ಟೂ ರಿಯಾಯಿತಿ ಹೆಚ್ಚಲ್ಲವೇ, ಇದರಿಂದ ನಿಮಗೇ ಲಾಭ ತಾನೇ ಎಂದು ಸಮಾಧಾನ ಹೇಳಿದೆ. ಲಾಭ ಬೇರೆ ಮಾನ ಬೇರೆ ಎಂದು ಗುಡುಗಿದರು. ಮನೆಯಲ್ಲಿ ತೊಂಬತ್ತೆಂಟು ಎಂದು ಹ್ಯಾಗೆ ಬಂತೋ ಎಂದು ಕೇಳಲು ಬಾಯಿ ತುರಿಸಿತು, ನುಂಗಿಕೊಂಡೆ. ಎರಡು ದಿನದಿಂದ ಚಪ್ಪಲಿ ಮೆಟ್ಟದ ಮನುಷ್ಯ ಗುರುವಾರ ಬೆಳಗ್ಗೆ ಹತ್ತಕ್ಕೆ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅರ್ಧ ಗಂಟೆಯಲ್ಲಿ ಸರಿಮಾಡಿಸಿಕೊಂಡು ಬರುತ್ತೇನೆ ಎಂದು ಹೊರಟೇಬಿಟ್ಟರು. ಅರ್ಧ ದಾರಿಗೆ ಹೋಗುವವರೆಗೂ ಏಳು, ಏಳು ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು.

ಹನ್ನೆರಡಾಯಿತು. ಎರಡಾಯಿತು. ಮಡಚಿಟ್ಟ ಬಿಳಿ ಬಟ್ಟೆಗಳನ್ನು ಮತ್ತೊಮ್ಮೆ ಮಡಚಿದೆ. ಮೂರೂವರೆಗೂ ಪತ್ತೆಯಿಲ್ಲ. ಐದಕ್ಕೆ ಪಟ್ಟಿ ಮುಗಿಯುತ್ತದೆ. ಇಷ್ಟೆಲ್ಲ ಮಾಡಿ ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದೇ? ಜಾಣತನ ಎಂದರೆ ನನ್ನದು, ಹೊರಡುವಾಗ ಇರಲಿ ಎಂದು ಇನ್ನೊಂದು ಖಾಲಿ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡೆ. ಕಾರ್ಡು ಇಸಿದುಕೊಂಡು ನಾನೇ ಮೇಷ್ಟ್ರ ಜಗಲಿಗೆ ಓಡುವುದು, ಹತ್ತು ನಿಮಿಷದ ದಾರಿ.

ನಾಲ್ಕು ಇಪ್ಪತ್ತಕ್ಕೆ ವಾರ್ಡು ಮುಟ್ಟಿದೆ. ಗಡಿಯಾರದವರ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಪರದೆ ಎಳೆದದ್ದನ್ನು ನೋಡಿದರೆ ನಮ್ಮ ಕೆಲಸದವರ ಕಾಲು ತಾನಾಗಿ ನಿಲ್ಲುತ್ತದೆ. ನಿಂತೆ. ಒಳಗೆ ಜಗಳ ನಡೆದಿತ್ತು.

“ಅದು ಬೆಳಗ್ಗೆಯೇ ತೀರ್ಮಾನ ಆಯ್ತಲ್ಲೋ. ಏಳೇ. ನೀನು ಹೊಡೆದದ್ದು ಏಳೇ,” ಎನ್ನುತ್ತಿದ್ದರು ಗಡಿಯಾರದವರು. ದನಿ ನಿನ್ನೆಗಿಂತ ತೆಳ್ಳಗಾಗಿತ್ತು.

“ಮತ್ತೆ ಒಂಬತ್ತು ಅಂತ ಯಾಕೋ ಬರೆಸಿದೆ?”

“ಏಳು ಅಂತ ಬರೆಸಿದ್ರೆ ನೀನು ಬರ್ತಿದ್ಯಾ?”

ಆಮೇಲೆ ಯಜಮಾನರು ಜೋರಾಗಿ ಮೂಗು ಒರೆಸಿಕೊಂಡ ಸದ್ದು ಬಂತು. ನಾನು ಪರದೆ ಸರಿಸಿದೆ.

ಯಜಮಾನರು ಪಕ್ಕದ ಹಾಸಿಗೆಯವರ ಊರುಗೋಲು ಎರವಲು ಪಡೆದು, ತಲೆಕೆಳಗಾಗಿ ಹಿಡಿದು ಹಾಸಿಗೆಯ ಕಾಲ ಬಳಿ ನಿಂತಿದ್ದರು. ಕಾರ್ಡು ಮಂಚದ ಮೇಲಿತ್ತು. ನಾನು ಅದನ್ನು ಎತ್ತಿಕೊಂಡೆ. ಹನ್ನೊಂದನೆಯ ಒಂಬತ್ತನ್ನು ಹೊಡೆದುಹಾಕಿ ಏಳು ಮಾಡಿದ್ದರು, ಅಷ್ಟಾದರೆ ಸರಿ. ತಿರುಗಿಸಿ ನೋಡುತ್ತೇನೆ, ಬೆನ್ನಿನ ತುಂಬ ಹೊಸ ಅಂಕಿಗಳು! ಇಬ್ಬರೂ ಸೇರಿ ಬೆಳಗ್ಗೆಯಿಂದ ಆ ಸಮುದ್ರದ ಪಕ್ಕದ ಮೈದಾನವನ್ನು ಈ ವಾರ್ಡಿನಲ್ಲಿ ಹರಡಿಕೊಂಡು ಸ್ಪರ್ಧೆ ಆಡುತ್ತಿದ್ದರು. ಇವರು ನಿಂತು ಹೊಡೆಯುವುದು, ಅವರು ಮಲಗಿದಲ್ಲಿಂದ ತಮ್ಮ ಹೊಡೆತವನ್ನು ಬಾಯಲ್ಲಿ ಹೇಳುವುದು. ಹದಿಮೂರು ಕುಳಿ ಮುಗಿದಿತ್ತು. ಕಾರ್ಡಿನಲ್ಲಿ ಜಾಗವೂ ಮುಗಿದಿತ್ತು.

ಇದನ್ನು ಕೊಟ್ಟರೆ ಮೇಷ್ಟ್ರು ಕೆಂಪು ಗೆರೆಯನ್ನು ನನ್ನ ಮೇಲೇ ಎಳೆಯುತ್ತಾರೆ! ನನ್ನ ತಾಳ್ಮೆ ಅಷ್ಟೂ ವರ್ಷಕ್ಕೆ ಮೊದಲ ಸಲ ಹರಿಯಿತು. ಎಪ್ಪತ್ತು ದಾಟಿದ ಗಂಡಸರಿಗೆ ಬುದ್ಧಿ ಬೇಡವೇ ಎಂದೆ, ಹಂಡೆಯಿಂದ ಹಿಡಿದು ಎಲ್ಲ ಎಣಿಸಿ ಹೇಳಿದೆ, ಇನ್ನೂ ಮೂವತ್ತೈದು ನಿಮಿಷ ಇದೆ ಎಂದೆ. ಚೀಲದಿಂದ ಖಾಲಿ ಕಾರ್ಡು ತೆಗೆದು, ಹಳೆಯದನ್ನು ನೋಡಿಕೊಂಡು ಅಂಕಿಗಳನ್ನು ನಾನೇ ಇಳಿಸಿಕೊಳ್ಳುತ್ತೇನೆ, ನೀವು ಒಂದೇ ಒಂದು ಸಹಿ ಹಾಕಿಕೊಡಿ ಎಂದು ಗಡಿಯಾರದವರ ಮುಂದೆ ಹಿಡಿದೆ.

ಅವರು ತಮ್ಮ ಬಲಗೈಯನ್ನು ನೋಡಿದರು, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ. ಅದು ಚಾದರದ ಮೇಲೆ ಇಟ್ಟಲ್ಲೇ ಇತ್ತು.

“ಸಹಿ ಇನ್ನು ಆಗಲ್ಲ ಅತ್ತಿಗೆ. ಬೆಳಗ್ಗೆಯಿಂದ ಬೆರಳು ರಜಾ ಹಾಕಿವೆ.”

ನಾನು ಯಜಮಾನರ ಕಡೆ ತಿರುಗಿದೆ. ಅವರಿಗೆ ಅದು ಗೊತ್ತಿತ್ತು. ಬೆಳಗ್ಗೆಯೇ ಗೊತ್ತಾಗಿತ್ತು. ಗೊತ್ತಾಗಿಯೇ ಸಹಿ ಇದ್ದ ಆ ಒಂದೇ ಕಾರ್ಡಿನ ಬೆನ್ನಿನ ಮೇಲೆ ಬರೆದಿದ್ದರು. ಶನಿವಾರ ಬಸ್ಸು ಹತ್ತು ಜನರನ್ನು ಹತ್ತಿಸಿಕೊಂಡು ಆರಕ್ಕೆ ಸರಿಯಾಗಿ ಹೊರಟಿತಂತೆ. ಆ ಬೆಳಗ್ಗೆ ನಾನು ಒಗೆದ ಬಿಳಿ ಬಟ್ಟೆ ತೊಟ್ಟು ಯಜಮಾನರು ಎಲ್ಲಿಗೆ ಹೋದರು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ.

ಆದರೆ ಆಗಿನ್ನೂ ಗುರುವಾರ. ನನ್ನ ಬಾಯಿ ನಿಂತಿರಲಿಲ್ಲ. ಒಂದು ವರ್ಷ ಕಾದದ್ದು, ಮಂಡಿಗೆ ಎಣ್ಣೆ ಉಜ್ಜಿದ್ದು, ಎಲ್ಲ ನೀರಲ್ಲಿ ಹೋಮ ಆಯಿತಲ್ಲ ರೀ, ಏನಾದರೂ ಹೇಳಬಾರದೇ ಎಂದು ಕೇಳುತ್ತಲೇ ಇದ್ದೆ. ಯಜಮಾನರು ಮಂಡಿ ಬಗ್ಗಿಸಿ, ಊರುಗೋಲು ಎತ್ತಿ, ನೆಲದ ಮೇಲೆ ಇಲ್ಲದ ಚೆಂಡನ್ನೇ ದಿಟ್ಟಿಸುತ್ತಿದ್ದರು.

“ಅತ್ತಿಗೆ,” ಎಂದರು ಗಡಿಯಾರದವರು, ಮೆಲ್ಲಗೆ. “ಅವನು ಹೊಡೀತಿದ್ದಾನೆ. ಹೊಡೆಯುವಾಗ ಯಾರೂ ಮಾತಾಡಬಾರದು.”

ನಾನು ಸುಮ್ಮನಾದೆ. ಖಾಲಿ ಕಾರ್ಡೂ ಪೆನ್ಸಿಲೂ ನನ್ನ ಕೈಯಲ್ಲೇ ಉಳಿದವು. ಯಜಮಾನರು ಬೀಸಿದರು. ಊರುಗೋಲು ಪರದೆಯ ಕಂಬಿಗೆ ಠಣ್ಣೆಂದು ತಾಗಿತು. ಮೂವರೂ ತಲೆಯೆತ್ತಿ ಕಿಟಕಿಯ ಆಚೆ, ಬಹಳ ದೂರ ನೋಡಿದೆವು.

“ಎಲ್ಲಿ ಬಿತ್ತು?” ಎಂದು ಕೇಳಿದ್ದು ನಾನೇ.

“ನೀರಿಗೆ,” ಎಂದರು ಗಡಿಯಾರದವರು. “ಬರ್ಕೊಳ್ಳಿ. ದಂಡ ಒಂದು ಹೊಡೆತ.”

“ಯಾವ ನೀರೋ? ಅಲ್ಲಿ ನೀರೆಲ್ಲಿದೆ?” ಯಜಮಾನರು ಊರುಗೋಲು ನೆಲಕ್ಕೆ ಕುಟ್ಟಿದರು.

“ಇದೆ.”

ಬರೆದುಕೊಂಡೆ.